ಅಂಬಲಿ ಗಡಿಗೆ ಮತ್ತು ಎರಡನೇ ಗೇರು

ನನ್ನ ಕಾರಿನ ಗೇರಿನ ಗುಂಡಿನ ಮೇಲೆ ಈಗ ಯಾವ ಅಂಕಿಯೂ ಉಳಿದಿಲ್ಲ. ಒಂದರಿಂದ ಐದರವರೆಗೆ ಬಿಳಿ ಬಣ್ಣದಲ್ಲಿ ಬರೆದಿದ್ದದ್ದೆಲ್ಲ ನನ್ನ ಅಂಗೈಗೆ ಅಂಟಿಕೊಂಡು ಹೋಗಿ ಯಾವ ಕಾಲವಾಯಿತೋ. ಮೊನ್ನೆ ಆಳಂದದ ಬಸ್ ಸ್ಟ್ಯಾಂಡಿನ ಮುಂದೆ ಗದ್ದಲದಲ್ಲಿ ಸಿಕ್ಕಿಬಿದ್ದು ಆ ಬೋಳು ಗುಂಡನ್ನು ಸವರುತ್ತ ಕೂತಿದ್ದೆ. ಪಕ್ಕಕ್ಕೆ ಒಂದು ಹೊಸ ಕಾರು ಬಂದು ನಿಂತಿತು. ಒಳಗಿದ್ದವನು ಎಡಗಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು ಎಡಗೈಯಿಂದ ಶೇಂಗಾ ತಿನ್ನುತ್ತಿದ್ದ. ಅಂದರೆ ಆಟೋಮೆಟಿಕ್. ದಾರಿ ಬಿಟ್ಟದ್ದೇ ತಡ, ಅವನು ಹೋದ. ನಾನು ಕ್ಲಚ್ ತುಳಿದು, ಒಂದನೇ ಗೇರು ಹಾಕಿ, ಕಾಲು ಬಿಡುವಷ್ಟರಲ್ಲಿ ಅಲ್ಲಿ ಅವನ ಶೇಂಗಾ ಸಿಪ್ಪೆ ಮಾತ್ರ ಉಳಿದಿತ್ತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾಳೆ ಇನ್ನೊಬ್ಬರು ನಿಮ್ಮ ಕಿವಿಯಲ್ಲಿ ಊದುವುದಕ್ಕಿಂತ ನಾನೇ ಒಪ್ಪಿಕೊಳ್ಳುವುದು ಮೇಲು. ಆದರೆ ನನ್ನದು ಸಾಮಾನ್ಯ ಹೊಟ್ಟೆಕಿಚ್ಚಲ್ಲ. ಲೋಕದ ಜನಕ್ಕೆ ಇನ್ನೊಬ್ಬರ ಮನೆ ಕಂಡರೆ, ಹೊಲ ಕಂಡರೆ, ಮಕ್ಕಳ ಮಾರ್ಕು ಕಂಡರೆ ಉರಿಯುತ್ತದೆ. ನನಗೆ ಉರಿಯುವುದು ನನ್ನ ಷಡ್ಡಕನ ಎಡಗಾಲು ಕಂಡರೆ.

ಷಡ್ಡಕ ಅಂದರೆ ನನ್ನ ಹೆಂಡತಿ ಮಹಾದೇವಿಯ ತಂಗಿಯ ಗಂಡ, ಸಿದ್ರಾಮ. ಜೇವರ್ಗಿಯಲ್ಲಿ ತೊಗರಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದಾನೆ. ಮನುಷ್ಯ ಬಂಗಾರ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನಾನು ಹೊಟ್ಟೆಕಿಚ್ಚು ಪಡುವ ಬದಲು ಸಿಟ್ಟು ಮಾಡಿಕೊಂಡು ಗೌರವದಿಂದ ಬದುಕಬಹುದಿತ್ತು. ಸಾಲದ್ದಕ್ಕೆ ಅವನು ನಮ್ಮ ಅತ್ತೆಯ ಸ್ವಂತ ಅಣ್ಣನ ಮಗ. ಅವನನ್ನು ಅತ್ತೆ ‘ಬಾರೋ ನನ್ನಪ್ಪ’ ಎಂದು ಕರೆಯುತ್ತಾರೆ. ನಾನು ಹೊರಗಿನಿಂದ ಬಂದ ಅಳಿಯ, ಅದರ ಮೇಲೆ ಹೈಸ್ಕೂಲಿನ ಮಾಸ್ತರ. ನನ್ನ ಮುಂದೆ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾರೆ, ನೇರವಾಗಿ ಮಾತಾಡುವುದೂ ಅಪರೂಪ. ನಾನು ಎದುರಿಗೇ ಕೂತಿದ್ದರೂ, “ಮಹಾದೇವಿ, ಮಾಸ್ತರಿಗಿ ಇನ್ನೊಂದ ಹೋಳಗಿ ನೀಡು” ಎಂದು ಮಗಳಿಗೆ ಹೇಳುತ್ತಾರೆ. ಹೋಳಿಗೆ ಬರುತ್ತದೆ, ಮಾತು ಬರುವುದಿಲ್ಲ.

ಗೇರಿನ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಈಗಲ್ಲ. ನಮ್ಮೂರು ಕಿಣ್ಣಿ ಸುಲ್ತಾನದ ಮನೆಯ ಅಂಗಳದಲ್ಲಿ ನಾನು ಚಿಕ್ಕಂದಿನಲ್ಲಿ ಬಸ್ಸು ಓಡಿಸುತ್ತಿದ್ದೆ. ಅವ್ವ ರೊಟ್ಟಿ ಹಿಟ್ಟು ನಾದುವ ಪರಾತವೇ ಸ್ಟೇರಿಂಗು. ನೆಲಕ್ಕೆ ನೆಟ್ಟ ಜೋಳದ ದಂಟು ಗೇರು. ಇಂಜಿನ್ನು ನನ್ನ ಬಾಯಿ. ದಂಟಿನ ಗೇರು ಎಷ್ಟು ಬಾಳೀತು? ನಾಲ್ಕನೇ ಗೇರಿಗೆ ಬರುವುದರೊಳಗೆ ಲಟಕ್ಕನೆ ಮುರಿಯುತ್ತಿತ್ತು. “ಏ ಖೋಡಿ, ಎತ್ತಿಗಿ ಹಾಕೂ ಕಣಕಿ ಎಲ್ಲಾ ಗೇರ್ ಮಾಡಿ ಮುರದ ಇಟ್ಟೆಲ್ಲೋ!” ಎಂದು ಅವ್ವ ಬೈಯುತ್ತಿದ್ದಳು. ಆಚೆ ಮನೆಯ ಶಾಂತ್ಯಾನ ಹತ್ತಿರ ಮಾತ್ರ ಗುಜರಿಗೆ ಬಿದ್ದ ಟ್ರ್ಯಾಕ್ಟರಿನ ನಿಜವಾದ ಕಬ್ಬಿಣದ ಗೇರು ಇತ್ತು. ತಲೆಯ ಮೇಲೆ ಕರಿ ಗುಂಡು ಬೇರೆ. ಅದಕ್ಕೆ ತುಕ್ಕು ಹಿಡಿಯಲಿ ಎಂದು ನಾನು ದಿನಾ ಬೆಳಗ್ಗೆ ಇಷ್ಟಲಿಂಗಕ್ಕೆ ಕೈಮುಗಿದು ಬೇಡಿಕೊಳ್ಳುತ್ತಿದ್ದೆ. ಕೊನೆಗೂ ತುಕ್ಕು ಹಿಡಿಯಿತು. ಶಾಂತ್ಯಾ ಅದಕ್ಕೆ ಒಳ್ಳೆಣ್ಣೆ ಹಚ್ಚಿ ಮತ್ತಷ್ಟು ಹೊಳೆಯುವಂತೆ ಮಾಡಿದ.

ಮುಂದೆ ನನಗೆ ನಿಜವಾದ ಕಾರು ಕಲಿಸಿದವರು ನಮ್ಮ ಶಾಲೆಯ ಡ್ರಿಲ್ ಮಾಸ್ತರು. ಅವರಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ. ಶಾಲೆಯ ಮೈದಾನದಲ್ಲಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಪಕ್ಕದಲ್ಲಿ ಸೀಟಿ ಹಿಡಿದು ಕೂತು, “ಒಂದ್! ಕ್ಲಚ್ ತುಳೀರಿ. ಎರಡ್! ಗೇರ್ ನಡುವ ತರ್ರಿ. ಮೂರ್! ಗೇರ್ ಹಾಕ್ರಿ. ನಾಕ್! ಕಾಲ ಬಿಡ್ರಿ” ಎಂದು ಎಣಿಸುತ್ತಿದ್ದರು. ಅವಸರ ಮಾಡಿದರೆ ಸೀಟಿ. “ಮಲಗಿದ ಕೂಸಿನ ತಲಿ ಕೆಳಗಿಂದ ಕೈ ತೆಗದಂಗ ಇರಬೇಕ್ರಿ ಗೇರ್ ಅಂದ್ರ. ಕೂಸ ಎದ್ದಿತಂದ್ರ ನೀವು ಫೇಲ್” ಎನ್ನುತ್ತಿದ್ದರು. ಹೀಗಾಗಿ ನನ್ನ ಗೇರು ಇವತ್ತಿಗೂ ನಾಲ್ಕು ಎಣಿಕೆಯದು. ಒಂದು, ಎರಡು, ಮೂರು, ನಾಲ್ಕು. ಅಷ್ಟರೊಳಗೆ ಹಿಂದಿನವನು ಮೂರು ಸಲ ಹಾರ್ನ್ ಹೊಡೆದಿರುತ್ತಾನೆ. ಹೊಡೆಯಲಿ. ಇಷ್ಟು ನಯವಾಗಿ ಗಾಡಿ ಹೊಡೆಯುವವನು ಮೂರು ತಾಲೂಕಿನಲ್ಲಿ ಮತ್ತೊಬ್ಬನಿಲ್ಲ ಎಂಬ ಜಂಬ ನನಗಿತ್ತು. ಆ ಜಂಬಕ್ಕೆ ಸಾಕ್ಷಿಯೂ ಇತ್ತು. ಸಾಕ್ಷಿ ಒಂದು ಅಂಬಲಿ ಗಡಿಗೆ.

ನಮ್ಮ ಅತ್ತೆಯ ಮನೆ ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಎಳ್ಳ ಅಮಾವಾಸ್ಯೆಯ ದಿನ ಎಲ್ಲರ ಮನೆಯಂತೆ ಅಲ್ಲಿಯೂ ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಅದನ್ನೇ ಚರಗವಾಗಿ, ಭೂಮಿತಾಯಿಯ ಎಡೆಯಾಗಿ ಚೆಲ್ಲಿ, ಆಮೇಲೆ ಉಣ್ಣುವುದು. ಆದರೆ ಆ ಮನೆಯಲ್ಲಿ ಅಂಬಲಿಯದೇ ಒಂದು ಕಟ್ಟಳೆ. ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿಯ ಅಂಬಲಿಯನ್ನು ಮಣ್ಣಿನ ಗಡಿಗೆಯಲ್ಲಿ ಕಂಠದವರೆಗೆ ತುಂಬಬೇಕು. ಬಾಯಿ ಬಿಗಿದು ಕಟ್ಟಬಾರದು, ಭೂಮಿತಾಯಿಗೆ ಒಯ್ಯುವುದನ್ನು ಕಟ್ಟಿ ಒಯ್ಯಬಾರದಂತೆ. ಒಂದು ತಾಟು ಮುಚ್ಚಿದರೆ ಆಯಿತು. ಮನೆಯ ಹೊಸ್ತಿಲು ದಾಟಿದ ಗಡಿಗೆ ಹೊಲ ಮುಟ್ಟುವತನಕ ಎಲ್ಲಿಯೂ ಕೆಳಗಿಳಿಯಬಾರದು. ಮತ್ತು ಗಡಿಗೆಯನ್ನು ತುಳುಕದಂತೆ ತಂದವರೇ ಮಾವನ ಹಿಂದೆ ನಡೆದು ಚರಗ ಚೆಲ್ಲಬೇಕು.

ಹಿಂದೆ ಅತ್ತೆ ಅದನ್ನು ತಲೆಯ ಮೇಲೆ ಹೊತ್ತು ನಡೆದೇ ಹೋಗುತ್ತಿದ್ದರು. ಮೊಣಕಾಲು ಸೋತ ಮೇಲೆ ನನ್ನ ಕಾರು ಬಂತು. ಹಿಂದಿನ ಸೀಟಿನಲ್ಲಿ ಅವರಿಗೆ ವಾಕರಿಕೆ. ಹೀಗಾಗಿ ನನ್ನ ಪಕ್ಕದಲ್ಲೇ, ತೊಡೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಗಡಿಗೆ ಇಟ್ಟುಕೊಂಡು ಕೂರುತ್ತಿದ್ದರು. ಹನ್ನೊಂದು ವರ್ಷ ಹೀಗೆ ಹೋದೆವು. ಹೊಲದ ದಾರಿ ನಿಮಗೆ ಗೊತ್ತಲ್ಲ, ಎರೆಮಣ್ಣಿನಲ್ಲಿ ಚಕ್ಕಡಿಯ ಗಾಲಿ ಕೊರೆದ ಎರಡು ಗೆರೆ. ಅಂಥ ದಾರಿಯಲ್ಲಿ ಹನ್ನೊಂದು ವರ್ಷ ಒಂದು ಹನಿ ಅಂಬಲಿ ಚೆಲ್ಲಿಲ್ಲ. ಗಡಿಗೆ ಇಳಿಸಿಕೊಳ್ಳುವಾಗ ಮಾವ ತಾಟು ಸರಿಸಿ ನೋಡಿ, “ಭಲೇ ಮಾಸ್ತರ!” ಎನ್ನುತ್ತಿದ್ದರು. ಅತ್ತೆ ಏನೂ ಅನ್ನುತ್ತಿರಲಿಲ್ಲ, ಸೆರಗಿನಲ್ಲೇ ನಗುತ್ತಿದ್ದರು. ನನಗೆ ಬಂದ ಬಹುಮಾನ ಜೀವನದಲ್ಲಿ ಅದೊಂದೇ.

ಹೋದ ದೀಪಾವಳಿಗೆ ಸಿದ್ರಾಮ ಹೊಸ ಕಾರಿನಲ್ಲಿ ಬಂದಿಳಿದ. ಎಲ್ಲರನ್ನೂ ಹತ್ತಿಸಿಕೊಂಡು ಊರ ಹೊರಗೆ ಒಂದು ಸುತ್ತು ಹೊಡೆಸಿದ. ನನ್ನ ಕಣ್ಣು ನೇರ ಅವನ ಕಾಲಿನ ಮೇಲೆ. ಎಡಗಾಲು ಸೀಟಿನ ಮೇಲೆ ಮಡಚಿತ್ತು, ಪಡಸಾಲೆಯಲ್ಲಿ ಚಾ ಕುಡಿಯಲು ಕೂತವರ ಹಾಗೆ.

“ಗೇರ್ ಬಿದ್ದದ್ದ ಗೊತ್ತಾತೇನ್ರಿ ಅಣ್ಣಾರ?” ಎಂದು ಕೇಳಿದ.

“ಎಲ್ಲಿ ಬಿತ್ತು?”

“ಇಗಾ, ಈಗ ಮತ್ತೊಂದ ಬಿತ್ತ ನೋಡ್ರಿ. ಚಿಟಿಕಿ ಹೊಡ್ಯೂದ್ರಾಗ ಮುಗೀತು. ಇದಕ್ಕ ಎರಡ ಕ್ಲಚ್ ಅವರಿ. ಒಂದು ಗೇರ್ ನಡ್ದಾಗನ ಮುಂದಿನ ಗೇರ್ ತಯಾರ ಆಗಿ ನಿಂತಿರ್ತದ.”

ಹಿಂದೆ ಮಹಾದೇವಿಯ ಪಕ್ಕದಲ್ಲಿ ಕೂತಿದ್ದ ಅತ್ತೆ, “ಅಂದ್ರ ಹಂಚಿನ ಮ್ಯಾಲ ಒಂದು ರೊಟ್ಟಿ ಬೇಯೂದ್ರಾಗ ಇನ್ನೊಂದು ಬಡದ ಇಟ್ಟಿರೂದು. ಹೌದಲ್ಲೋ ನನ್ನಪ್ಪ?” ಎಂದರು.

“ಎಕ್ದಂ ಖರೆ ಅತ್ತಿ!”

ಎಲ್ಲರೂ ನಕ್ಕರು. ಹನ್ನೊಂದು ವರ್ಷ ನನ್ನ ಪಕ್ಕ ಕೂತು ನನ್ನ ಗೇರಿನ ಬಗ್ಗೆ ಅರ್ಧ ಮಾತಾಡದ ಅತ್ತೆ, ಅವನ ಗೇರಿಗೆ ರೊಟ್ಟಿಯ ಉಪಮೆ ಕೊಟ್ಟರು! ಹಿಂದಿನ ಸೀಟಿನಲ್ಲಿ ವಾಕರಿಕೆ ಕೂಡ ಬರಲಿಲ್ಲ ಅವರಿಗೆ. ನನ್ನ ಹೊಟ್ಟೆಯೊಳಗೆ ಸುರುಸುರು ಬತ್ತಿ ಹತ್ತಿತು. ನಗುನಗುತ್ತಲೇ, “ಚಲೋ ಅದ, ಚಲೋ ಅದ, ಆದ್ರ ರಿಪೇರಿಗೆ ಬಂದ್ರ ಕಠಿಣ” ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಹಾದೇವಿ ನನ್ನ ಮುಖ ನೋಡಿ ತಿರುಗಿ ಕಿಡಕಿಯ ಹೊರಗೆ ನೋಡತೊಡಗಿದಳು. ಹೆಂಡತಿಯರಿಗೆ ಇದೆಲ್ಲ ಬೇಗ ತಿಳಿಯುತ್ತದೆ.

ಮರುವಾರದಿಂದ ನಾನು ಗೇರಿನ ವೇಗ ಹೆಚ್ಚಿಸುವ ಸಾಧನೆಗೆ ಇಳಿದೆ. ಶಾಲೆ ಬಿಟ್ಟ ಮೇಲೆ ಕಡಗಂಚಿಯ ಕಡೆಗೆ ಒಬ್ಬನೇ ಹೋಗುವುದು, ರಸ್ತೆ ಖುಲ್ಲಾ ಸಿಕ್ಕಲ್ಲಿ ಚಿಟಿಕೆ ಹೊಡೆಯುವುದರೊಳಗೆ ಗೇರು ಹಾಕಲು ನೋಡುವುದು. ಬಾಯಲ್ಲಿ ‘ಒಂದ್’ ಅನ್ನುವಷ್ಟರಲ್ಲಿ ಕೈ ‘ಮೂರ’ಕ್ಕೆ ಹೋಗಬೇಕು. ಕೈ ಹೋಯಿತು, ಕಾಲು ಬರಲಿಲ್ಲ. ಕರ್ರ್ ಎಂದು ಹಲ್ಲಿಗೆ ಹಲ್ಲು ತಿಕ್ಕಿದ ಸದ್ದು. ತೊಗರಿ ಹೊಲದಲ್ಲಿದ್ದ ಒಬ್ಬ ಹೆಣ್ಣುಮಗಳು ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತು ನೋಡಿದಳು. ಮತ್ತೆ ಹಾಕಿದೆ. ಗಾಡಿ ಮುಗ್ಗರಿಸಿತು, ನನ್ನ ಹಣೆ ಸ್ಟೇರಿಂಗಿಗೆ ಬಡಿಯಿತು. ಎಂಟು ದಿನಕ್ಕೆ ಕಾರಿನಲ್ಲಿ ಸುಟ್ಟ ವಾಸನೆ ತುಂಬಿಕೊಂಡಿತು. ಗ್ಯಾರೇಜಿನ ಉಸ್ಮಾನ್ ಭಾಯಿ ಕೆಳಗೆ ತೂರಿ ಹೋಗಿ ಹೊರಬಂದು, ಕೈ ಒರೆಸಿಕೊಳ್ಳುತ್ತ ಕೇಳಿದ:

“ಮಾಸ್ತರ, ಮನ್ಯಾಗ ಜಗಳ ಗಿಗಳ ಆಗ್ಯಾದೇನ್ರಿ?”

“ಇಲ್ಲಲ್ಲ, ಯಾಕ?”

“ಹನ್ನೊಂದ ವರ್ಷ ಹೂವಿನಂಗ ಇಟ್ಟ ಕ್ಲಚ್ ಪ್ಲೇಟ ಎಂಟ ದಿನದಾಗ ಸುಟ್ಟೀರಿ. ಯಾರ ಮ್ಯಾಲಿನ ಸಿಟ್ಟ ಇದರ ಮ್ಯಾಲ ತೆಗದೀರಿ?”

ಹೊಸ ಪ್ಲೇಟಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಕಾರಣ ಹೇಳುವಂಥದ್ದಲ್ಲ.

ಎಳ್ಳ ಅಮಾವಾಸ್ಯೆ ಬಂತು. ನಾವು ಆಳಂದದಿಂದ ಬಂದೆವು, ಅವರು ಭೀಮೆ ದಾಟಿ ಜೇವರ್ಗಿಯಿಂದ ಬಂದರು. ಅತ್ತೆಯ ಮನೆಯ ಮುಂದೆ ಎರಡೂ ಕಾರು ಅಕ್ಕಪಕ್ಕ ನಿಂತವು. ಮಾವ ಬೆಳಗ್ಗೆಯೇ ಹೊಲ ಸೇರಿದ್ದರು. ಅತ್ತೆ ಇಳಕಲ್ ಸೀರೆ ಉಟ್ಟು, ಗಡಿಗೆ ಎತ್ತಿಕೊಂಡು ಹೊಸ್ತಿಲು ದಾಟಿ ಬಂದು ನಿಂತರು. ನಾನು ಎಂದಿನಂತೆ ನನ್ನ ಕಾರಿನ ಮುಂಬಾಗಿಲು ತೆರೆದು ನಿಂತಿದ್ದೆ. ಸೀಟನ್ನು ಆಗಲೇ ಎರಡು ಸಲ ಒರೆಸಿಯೂ ಆಗಿತ್ತು. ನಗಬೇಡಿ. ನಿಮಗೂ ಜೀವನದಲ್ಲಿ ಒಂದೇ ಬಹುಮಾನ ಬರುತ್ತಿದ್ದರೆ ಗೊತ್ತಾಗುತ್ತಿತ್ತು.

ಆಗ ಮಹಾದೇವಿ, ನನ್ನ ಸ್ವಂತ ಹೆಂಡತಿ, “ಯವ್ವಾ, ಈ ಸರ್ತಿ ಸಿದ್ರಾಮನ ಗಾಡ್ಯಾಗ ಕೂಡು. ಹೊಸಾದು, ಅಳ್ಳಾಡೂದಿಲ್ಲ” ಎಂದಳು. ಅತ್ತೆ ನನ್ನ ಕಡೆಗೊಮ್ಮೆ, ಹೊಸ ಕಾರಿನ ಕಡೆಗೊಮ್ಮೆ ನೋಡಿದರು. ಅವಳ ತಂಗಿ ಜಗದೇವಿ ಆ ಕಾರಿನ ಬಾಗಿಲು ತೆಗೆದೇಬಿಟ್ಟಳು. ಅತ್ತೆ ಹೋಗಿ ಕೂತರು. ನಾನು ತೆರೆದ ಬಾಗಿಲು ಹಾಗೇ ಇತ್ತು, ಅದನ್ನು ಮುಚ್ಚಿದೆ. ಸ್ವಲ್ಪ ಜೋರಾಗಿಯೇ ಮುಚ್ಚಿರಬೇಕು, ಎಲ್ಲರೂ ತಿರುಗಿ ನೋಡಿದರು.

ಸಿದ್ರಾಮ ನನ್ನ ಹತ್ತಿರ ಬಂದು ಕೀ ಚಾಚಿದ. “ಅಣ್ಣಾರ, ಅತ್ತಿಯವರನ್ನ ಹೊಲಕ್ಕ ಒಯ್ಯೂದು ನಿಮ್ಮ ಕೆಲಸ. ಅದನ್ನ ನಾ ಹೆಂಗ ಕಸಗೊಳ್ಳಲಿ? ಇದನ್ನ ನೀವ ಹೊಡೀರಿ. ನಿಮ್ಮ ಗಾಡ್ಯಾಗ ಇವರಿಬ್ಬರನ್ನ ಕೂಡಿಸಿಕೊಂಡ ನಾ ಹಿಂದ ಬರ್ತೇನಿ.”

ನೋಡಿದಿರಾ, ಇಂಥವನು! ಬೇಡ ಎಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಚರಗ ಕೈತಪ್ಪುತ್ತಿತ್ತು. ಕೀ ತೆಗೆದುಕೊಂಡೆ.

ಹಿಂದಿನ ಸೀಟಿನಲ್ಲಿ ಕಡುಬು ಹೋಳಿಗೆಯ ಬುಟ್ಟಿಗಳು, ಮುಂದೆ ನಾನು ಮತ್ತು ಗಡಿಗೆ ಹಿಡಿದ ಅತ್ತೆ. ಸುಳ್ಳು ಯಾಕೆ ಹೇಳಲಿ, ಅಂಥ ಸುಖ ನಾನು ಯಾವ ಗಾಡಿಯಲ್ಲೂ ಕಂಡಿರಲಿಲ್ಲ. ಊರು ದಾಟಿ ಡಾಂಬರಿಗೆ ಬಂದು ಸ್ವಲ್ಪ ಒತ್ತಿದೆ. ಒಂದು ಗೇರು ಹೋಯಿತು, ಇನ್ನೊಂದು ಬಂತು, ನಡುವೆ ಒಂದು ಉಸಿರಿನ ಬಿಡುವೂ ಇಲ್ಲ. ಇಂಜಿನ್ನಿನ ಸದ್ದು ಕೊಂಚ ತಗ್ಗಿದಾಗಲೇ ಗೇರು ಬದಲಾಯಿತು ಎಂದು ತಿಳಿಯಬೇಕು. ನಾನು ನಾಲ್ಕು ಎಣಿಕೆಯಲ್ಲಿ ಮೂವತ್ತು ವರ್ಷ ಕಲಿತದ್ದನ್ನು ಇದು ಎಣಿಸದೆಯೇ ಮಾಡುತ್ತಿತ್ತು. ನಾನು ಯಾವತ್ತೂ ನೋಡದಿದ್ದ ಬಿಳಿ ಜೋಳದ ತೆನೆಗಳನ್ನು, ಕುಸುಬಿಯ ಹಳದಿ ಹೂವನ್ನು ಅವತ್ತು ನೋಡಿದೆ, ಕೈಕಾಲಿಗೆ ಕೆಲಸವೇ ಇರಲಿಲ್ಲವಲ್ಲ. ಇದನ್ನು ಸಿದ್ರಾಮ ದಿನಾ ಅನುಭವಿಸುತ್ತಾನೆ ಎಂದು ನೆನಪಾದದ್ದೇ ಮತ್ತೆ ಹೊಟ್ಟೆಗೆ ಬೆಂಕಿ ಬಿತ್ತು. ದಿನಾ! ಅಂಗಡಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ! ನನಗೂ ಒಂದು ಸಲವಾದರೂ ಆ ಸುಖ ಬೇಕೆಂದು ಎಡಗಾಲನ್ನು ಮೆಲ್ಲಗೆ ಸೀಟಿನ ಮೇಲೆ ಮಡಚಲು ನೋಡಿದೆ. ಮೊಣಕಾಲು ಒಪ್ಪಲಿಲ್ಲ. ಕಾಲನ್ನು ಮತ್ತೆ ಕೆಳಗೆ ಬಿಟ್ಟೆ.

ಡಾಂಬರು ಬಿಟ್ಟು ಹೊಲದ ದಾರಿಗೆ ತಿರುಗುವಲ್ಲಿ ಒಂದು ಆಡಿನ ಹಿಂಡು ಅಡ್ಡ ಬಂತು. ಗಾಬರಿಯಾಗುವಂಥದ್ದೇನೂ ಇರಲಿಲ್ಲ. ವೇಗ ಕಡಿಮೆ ಮಾಡಬೇಕು, ಎರಡನೇ ಗೇರಿಗೆ ಇಳಿಸಬೇಕು, ಅಷ್ಟೇ. ತಲೆ ಅಷ್ಟು ಅಂದುಕೊಂಡಿತು. ಮೂವತ್ತು ವರ್ಷ ಹೇಳಿದ್ದು ಕೇಳಿದ ನನ್ನ ಎಡಗಾಲು, “ಒಂದ್! ಕ್ಲಚ್” ಎಂದು ತನ್ನಷ್ಟಕ್ಕೆ ತಾನೇ ಎದ್ದು ಪೂರಾ ಬಲ ಹಾಕಿ ತುಳಿಯಿತು. ಆ ಗಾಡಿಯಲ್ಲಿ ತುಳಿಯುವ ಕ್ಲಚ್ ಎಲ್ಲಿದೆ? ಅಲ್ಲಿದ್ದದ್ದು ಬ್ರೇಕು, ಅದೂ ಅಂಗೈ ಅಗಲದ್ದು.

ಕಾರು ಗೂಟ ಬಡಿದಂತೆ ನಿಂತಿತು. ಅಂಬಲಿ ನಿಲ್ಲಲಿಲ್ಲ.

ಎದುರಿನ ಗಾಜಿಗೆ, ಆ ಗೇರಿನ ಮೇಲೆ, ನನ್ನ ತೋಳಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಅತ್ತೆಯ ಇಳಕಲ್ ಸೀರೆಯ ಮೇಲೆ. ತಾಟು ಎಲ್ಲೋ ಬಿತ್ತು. ಕಾರಿನ ತುಂಬ ಬೆಳ್ಳುಳ್ಳಿ ಮಜ್ಜಿಗೆಯ ವಾಸನೆ. ಆಡುಗಳು ನಮ್ಮನ್ನು ನೋಡುತ್ತ ನಿಂತವು. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸು ಒಳಗೇ ಹೇಳುತ್ತಿತ್ತು. ಅತ್ತೆ ಗಡಿಗೆ ಮಾತ್ರ ಬಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದಿದ್ದರು. ಅರ್ಧ ಉಳಿದಿತ್ತು.

“ತಪ್ಪಾತರಿ” ಎಂದೆ.

“ತಪ್ಪ ನಿಮ್ಮದಲ್ಲರಿ ಮಾಸ್ತರ, ನಂದು” ಎಂದರು ಅತ್ತೆ. ನನ್ನ ಜೊತೆ ಅವರು ನೇರವಾಗಿ ಆಡಿದ ಮಾತು ಅದು. ನಡುವೆ ಮಹಾದೇವಿ ಇರಲಿಲ್ಲವಲ್ಲ, ಇನ್ನಾರ ಮೂಲಕ ಹೇಳಿಯಾರು? “ಈ ಗಾಡ್ಯಾಗ ಯಾವಾಗ ಎತ್ತಬೇಕಂತ ನನಗ ಗೊತ್ತಾಗ್ಲಿಲ್ಲ.”

“ಏನ ಎತ್ತೂದರಿ?”

“ಗಡಿಗಿ.” ಸೆರಗಿನಿಂದ ಗಡಿಗೆಯ ಕಂಠ ಒರೆಸುತ್ತ, ಸಂಕೋಚದಿಂದಲೇ ಹೇಳಿದರು. “ನಿಮ್ಮ ಗಾಡ್ಯಾಗ ನಿಮ್ಮ ಕೈ ಗೇರಿಗಿ ಬಂತಂದ್ರ ನಾ ಗಡಿಗಿ ನಾಕ ಬೆರಳ ಮ್ಯಾಲ ಎತ್ತತಿದ್ನಿ. ಗೇರ್ ಬೀಳತಿತ್ತು, ಗಾಡಿ ಒಮ್ಮಿ ಜಗ್ಗತಿತ್ತು, ಆಮ್ಯಾಲ ತೊಡಿ ಮ್ಯಾಲ ಇಳಸ್ತಿದ್ನಿ.”

ನಾನು ಗೇರುಗಳನ್ನು ಬೆರಳಲ್ಲಿ ಎಣಿಸಿದೆ. “ಎಲ್ಲಾ ಗೇರಿಗೂ ಎತ್ತತಿದ್ರೇನ್ರಿ?”

“ಎಲ್ಲಾಕ್ಕೂ. ಎರಡನೇದಕ್ಕ ಜರಾ ಹೆಚ್ಚ.”

“ಹನ್ನೊಂದ ವರ್ಷ?”

“ಹೌದ್ರಿ. ನೀವು ಗೇರ್ ಹಾಕೂದ ನಿಧಾನ. ಹಿಂಗಾಗಿ ಎತ್ತಾಕ ನನಗ ಪುರಸತ್ತ ಸಿಗತಿತ್ತು. ಈ ಗಾಡಿ ಹೇಳೂದಿಲ್ಲ ಕೇಳೂದಿಲ್ಲ, ಎಲ್ಲಾ ತಾನ ಮಾಡಕೋತದ. ನಾ ಸುಮ್ನ ಕುಂತ ಮೈಮರತೆ.”

ಅಂದರೆ, ಮೂರು ತಾಲೂಕಿನಲ್ಲಿ ನನ್ನಷ್ಟು ನಯವಾಗಿ ಗಾಡಿ ಹೊಡೆಯುವವನಿಲ್ಲ ಎಂಬುದಕ್ಕೆ ಇದ್ದ ಒಂದೇ ಒಂದು ಸಾಕ್ಷಿಯನ್ನು ಹನ್ನೊಂದು ವರ್ಷ ಅತ್ತೆ ತಮ್ಮ ಮಣಿಕಟ್ಟಿನ ಮೇಲೆ ಎತ್ತಿ ಹಿಡಿದಿದ್ದರು. ಮಾವ ‘ಭಲೇ ಮಾಸ್ತರ’ ಅಂದಾಗ ಅವರು ಸೆರಗಿನಲ್ಲಿ ನಕ್ಕದ್ದು ಯಾಕೆಂದು ಈಗ ತಿಳಿಯಿತು.

“ಒಮ್ಮೆರ ಹೇಳಬಾರದಿತ್ತೇನ್ರಿ?”

“ಅಳಿಯಾಗ ಹೆಂಗ ಹೇಳೂದ್ರಿ, ನಿನ್ನ ಗೇರ್ ಜಗ್ಗತದಂತ?” ಎಂದು ಅತ್ತೆ ನಕ್ಕರು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ, ಕೈಯಲ್ಲಿ ಗಡಿಗೆ ಇತ್ತು.

ಅಷ್ಟರಲ್ಲಿ ಹಿಂದಿನಿಂದ ನನ್ನ ಹಳೆ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತ ಬಂತು, ನಮ್ಮ ಹತ್ತಿರ ಬಂದು ಗಕ್ಕನೆ ನಿಂತು ಬಂದಾಯಿತು. ಸಿದ್ರಾಮ ಬೆವರು ಒರೆಸಿಕೊಳ್ಳುತ್ತ ಇಳಿದ. “ಅಣ್ಣಾರ, ಈ ಎಡಗಾಲು ಕ್ಲಚ್ ಮರತ ಬಿಟ್ಟದರಿ! ನಾಕ ಸರ್ತಿ ಬಂದ್ ಬಿತ್ತು!” ಎಂದವನು ನಮ್ಮ ಅವತಾರ ನೋಡಿದ. ಆಮೇಲೆ ಬಟ್ಟೆ ತಂದು ತಾನೇ ಒರೆಸತೊಡಗಿದ. “ಅಡ್ಡಿ ಇಲ್ರಿ, ಒರಸಿದ್ರ ಹೋಗ್ತದ. ಗಾಡಿಗೂ ಎಳ್ಳ ಅಮಾಸಿ ಆತು.” ಅಂಬಲಿ ತುಂಬಿದ ಮ್ಯಾಟುಗಳನ್ನು ಪಕ್ಕದ ಕಡಲೆ ಹೊಲಕ್ಕೆ ಕೊಡವಿದ. ಯಾರ ಹೊಲವೋ, ಅವರಿಗೆ ಆ ವರ್ಷದ ಮೊದಲ ಚರಗ ನಮ್ಮದು.

ಅತ್ತೆ ಗಡಿಗೆ ಹಿಡಿದುಕೊಂಡೇ ಇಳಿದು ನನ್ನ ಹಳೆ ಕಾರಿನ ಕಡೆ ನಡೆದರು.

“ಅತ್ತಿ, ಅಲ್ಯಾಕ? ಇದ್ರಾಗ ಕೂಡ್ರಿ, ನಾ ಹೊಡೀತೇನಿ, ಗೊತ್ತಾಗಲಾರದಂಗ ಒಯ್ತೇನಿ” ಎಂದ ಸಿದ್ರಾಮ.

“ಗೊತ್ತಾಗಲಾರದಂಗ ಯಾಕ ಒಯ್ಯಬೇಕೋ ನನ್ನಪ್ಪ? ಅಲ್ಲಿ ನನಗೂ ಒಂದ ಕೆಲಸ ಅದ” ಎಂದರು ಅತ್ತೆ.

ಸಿದ್ರಾಮನಿಗೆ ಅರ್ಥವಾಗಲಿಲ್ಲ. ಅವನ ಮುಖದಲ್ಲಿ, ಜೀವನದಲ್ಲಿ ಮೊದಲ ಸಲ, ನನ್ನ ಮೇಲೆ ಒಂದು ಚೂರು ಹೊಟ್ಟೆಕಿಚ್ಚು ಕಂಡಂತಾಯಿತು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ಹೊಟ್ಟೆಕಿಚ್ಚು ಅವನನ್ನು ಬಿಟ್ಟು ಅತ್ತೆಯ ಮೇಲೆ ಹೋಗಿತ್ತು. ಗಾಡಿ ಓಡಿಸುವ ಚಂದವೆಲ್ಲ ನನ್ನದು ಅಂದುಕೊಂಡಿದ್ದೆ. ಸ್ಟೇರಿಂಗು ಮುಟ್ಟದೆ, ಕ್ಲಚ್ ತುಳಿಯದೆ, ನನ್ನ ಪಕ್ಕದಲ್ಲೇ ಕೂತು ಅವರು ಅದನ್ನೆಲ್ಲ ನನಗಿಂತ ಚೆನ್ನಾಗಿ ಉಂಡಿದ್ದರು.

ಅಕ್ಕತಂಗಿಯರು ಹೊಸ ಕಾರಿಗೆ ಹೋದರು, ಅತ್ತೆ ಮತ್ತು ನಾನು ಹಳೆ ಕಾರು ಹತ್ತಿದೆವು. ಸಿಂಬಿ, ಗಡಿಗೆ, ಅರ್ಧ ಅಂಬಲಿ. ಮಾವ ದೂರದಲ್ಲಿ ಬೇವಿನ ಗಿಡದ ಕೆಳಗೆ ಎದ್ದು ನಿಂತು ಕೈಬೀಸುತ್ತಿದ್ದರು. ಚರಗ ಇವತ್ತು ಯಾರು ಚೆಲ್ಲುತ್ತಾರೋ ನನಗೆ ಬೇಕಾಗಿರಲಿಲ್ಲ. ಒಂದನೇ ಗೇರಿನಲ್ಲಿ ಎರೆಮಣ್ಣಿನ ದಾರಿಗೆ ಇಳಿಸಿದೆ. ಇಂಜಿನ್ನು ಎರಡನೆಯದನ್ನು ಕೇಳತೊಡಗಿತು. ಕ್ಲಚ್ ತುಳಿದು ಬೋಳು ಗುಂಡಿನ ಮೇಲೆ ಕೈ ಇಟ್ಟೆ. ಹನ್ನೊಂದು ವರ್ಷ ರಸ್ತೆಯನ್ನೇ ನೋಡಿದವನು ಅವತ್ತು ಮೊದಲ ಬಾರಿ ಓರೆಗಣ್ಣಿನಿಂದ ಎಡಕ್ಕೆ ನೋಡಿದೆ. ಗಡಿಗೆ ತೊಡೆಯಿಂದ ಮೇಲೆದ್ದಿತ್ತು, ಲೆಕ್ಕ ಹಾಕಿದಂತೆ ನಾಲ್ಕು ಬೆರಳು. ನಾನು ಗೇರು ಹಾಕುವುದನ್ನೇ ಮರೆತು ಅದನ್ನೇ ನೋಡುತ್ತಿದ್ದೆ.

“ಹಾಕ್ರಿ ಮಾಸ್ತರ” ಎಂದರು ಅತ್ತೆ. “ಎತ್ತೇನಿ.”